ಒಂದು ಸಹಿ, ಹಲವು ಪಾವತಿ: ಮುಗದದ ಕಲ್ಲಿನಿಂದ ಕ್ರಿಪ್ಟೋ ವ್ಯಾಲೆಟ್‌ವರೆಗೆ

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುಹಾದಿಯಲ್ಲಿ ಮುಗದ ಎಂಬ ಊರಿದೆ. ದೊಡ್ಡ ಕೆರೆ, ಭತ್ತದ ಗದ್ದೆಗಳು, ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರ, 'ಮುಗದ ಸುಗಂಧ' ತಳಿ ಇವುಗಳಿಂದ ಊರಿನ ಹೆಸರು ರೈತರಿಗೆ ಪರಿಚಿತ. ಇತಿಹಾಸದ ವಿದ್ಯಾರ್ಥಿಗಳಿಗೆ ಅದು ಇನ್ನೊಂದು ಕಾರಣಕ್ಕೆ ಗೊತ್ತು. ಕ್ರಿ.ಶ. 1045ರ ಅಲ್ಲಿನ ಶಾಸನವೊಂದು ಜೈನರ ಯಾಪನೀಯ ಸಂಘವನ್ನೂ ಅದರ ಕುಮುದಿ ಗಣವನ್ನೂ ಹೆಸರಿಸುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಇಂತಹ ಶಾಸನಗಳು ಧಾರವಾಡ ಸೀಮೆಯ ಊರೂರಿನಲ್ಲಿ ದೊರೆತಿವೆ.

ದಾನಶಾಸನಗಳನ್ನು ಧರ್ಮದ ಇತಿಹಾಸಕ್ಕಾಗಿ ಓದುವುದು ರೂಢಿ. ಅವನ್ನು ಲೆಕ್ಕದ ಪುಸ್ತಕವಾಗಿಯೂ ಓದಬಹುದು. ಎಷ್ಟೋ ಶಾಸನಗಳಲ್ಲಿ ಒಂದೇ ಕಲ್ಲಿನ ಮೇಲೆ ಹಲವು ದಾನಗಳಿರುತ್ತವೆ: ದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ, ಆಹಾರದಾನಕ್ಕೆ ಇಷ್ಟು ಮತ್ತರು ಭೂಮಿ, ವ್ಯಾಪಾರದ ಹೇರಿಗೆ ಇಷ್ಟು ಎಲೆ. ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲೆ ಯಾವುದು ಎಂಬುದನ್ನು ಬಿಡಿಸಿ ಹೇಳಲಾಗುತ್ತದೆ. ಕೊನೆಗೆ ಇದನ್ನು ಅಳಿಸಿದವನಿಗೆ ಶಾಪ. ಎಲ್ಲರ ಕಣ್ಣಿಗೆ ಬೀಳುವ ಕಡೆ ನಿಲ್ಲಿಸಿದ, ಗುಟ್ಟಾಗಿ ತಿದ್ದಲಾಗದ ಲೆಕ್ಕ ಅದು.

ಇಂದು 'ಬ್ಲಾಕ್‌ಚೈನ್' ಎಂದು ಕರೆಯುವ ವ್ಯವಸ್ಥೆಯೂ ಇಂತಹದೇ ಬಹಿರಂಗ ಲೆಕ್ಕ. ವ್ಯತ್ಯಾಸವೆಂದರೆ, ಅದರ ಪ್ರತಿ ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿರುತ್ತದೆ. ಅದರಲ್ಲಿ ಹಣ ಕಳಿಸುವವರು 'ವ್ಯಾಲೆಟ್' ಎಂಬ ತಂತ್ರಾಂಶ ಬಳಸುತ್ತಾರೆ. ಹೆಸರು ಹಣದ ಚೀಲದ್ದಾದರೂ ಅದರೊಳಗೆ ನಾಣ್ಯವಿಲ್ಲ. ಸಹಿ ಹಾಕಲು ಬೇಕಾದ ರಹಸ್ಯ ಕೀಲಿ ಮಾತ್ರ ಇದೆ. ಈಗ ಹತ್ತಾರು ಪಾವತಿಗಳನ್ನು ಒಂದೇ ಕಟ್ಟಾಗಿ, ಒಂದೇ ಸಹಿಯಿಂದ ಕಳಿಸುವ 'ಬ್ಯಾಚ್' ಪದ್ಧತಿ ವ್ಯಾಪಕವಾಗುತ್ತಿದೆ. ಹೀಗಿರುವಾಗ ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗಿದೆ: ಸಹಿ ಹಾಕುವವನು ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಓದಬಲ್ಲನೇ?

ಸಕ್ಕ್, ಹವಾಲಾ, ಹುಂಡಿ

ಕಲ್ಲು ಒಂದೆಡೆ ನಿಲ್ಲುತ್ತದೆ, ವ್ಯಾಪಾರ ಊರಿಂದೂರಿಗೆ ಸಾಗುತ್ತದೆ. ಆದ್ದರಿಂದ ಲೆಕ್ಕ ಕಾಗದಕ್ಕಿಳಿಯಿತು. ಹತ್ತನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್ ಸಹಾರಾದ ದಕ್ಷಿಣ ಅಂಚಿನ ಔದಗುಸ್ತ್ ಪಟ್ಟಣದಲ್ಲಿ 42,000 ದೀನಾರ್‌ಗಳ ಒಂದು 'ಸಕ್ಕ್' ಕಂಡುದಾಗಿ ಬರೆದಿದ್ದಾನೆ. ಅದು ಸಾಕ್ಷಿಗಳಿಂದ ದೃಢೀಕೃತವಾದ ಸಾಲಪತ್ರ. ಬೇರೆ ಊರಿನಲ್ಲಿ ಹಣ ಪಡೆಯಲು ಒಯ್ಯುವ ಪತ್ರ 'ಸುಫ್ತಜ'. ಇಂದು ಪತ್ರಿಕೆಗಳಲ್ಲಿ ಅಕ್ರಮ ಹಣ ಸಾಗಣೆಯ ಹೆಸರಾಗಿರುವ 'ಹವಾಲಾ' ಫಿಕ್ಹ್ ಗ್ರಂಥಗಳಲ್ಲಿ ಸಾಲದ ಹೊಣೆಯನ್ನು ಒಬ್ಬನಿಂದ ಇನ್ನೊಬ್ಬನಿಗೆ ವರ್ಗಾಯಿಸುವ ಒಪ್ಪಂದವಷ್ಟೇ.

ಈ ಬರವಣಿಗೆಗೆ ಬುನಾದಿ ಪವಿತ್ರ ಕುರ್‌ಆನಿನಲ್ಲಿದೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಇಡೀ ಗ್ರಂಥದಲ್ಲೇ ಅತ್ಯಂತ ದೀರ್ಘವಾದುದು. ಅದರ ವಿಷಯ ಸಾಲದ ದಾಖಲೆ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಅದು ವಿಧಿಸುತ್ತದೆ. ಬರೆಯುವವನು ಬೇರೆಯಾದರೂ ಹೇಳಿ ಬರೆಸುವವನು ಸಾಲದ ಹೊಣೆ ಹೊತ್ತವನೇ ಆಗಿರಬೇಕು. ಅವನು ಅಶಕ್ತನಾದರೆ ಅವನ ಪೋಷಕ ನ್ಯಾಯವಾಗಿ ಬರೆಸಬೇಕು. ಭಾರ ಯಾರ ಮೇಲೆ ಬೀಳುತ್ತದೋ ಅವರಿಗೆ ಬರಹದ ಅರ್ಥ ತಿಳಿದಿರಬೇಕು ಎಂಬುದು ಇದರಲ್ಲಿರುವ ತತ್ವ.

ನಮ್ಮ ದೇಶದ ಹುಂಡಿಯಲ್ಲೂ ಇದೇ ಎಚ್ಚರವಿತ್ತು. ತೋರಿಸಿದೊಡನೆ ಹಣ ಕೊಡಬೇಕಾದುದು ದರ್ಶನಿ ಹುಂಡಿ, ಗಡುವಿನ ನಂತರ ಕೊಡಬೇಕಾದುದು ಮುದ್ದತಿ ಹುಂಡಿ. ಮೊತ್ತವನ್ನು ತಿದ್ದದಂತೆ ನೂರು ರೂಪಾಯಿ, ಅದರ ಅರ್ಧ ಐವತ್ತು, ಅದರ ಇಮ್ಮಡಿ ಕೊಡತಕ್ಕದ್ದು ಎಂಬ ರೀತಿಯಲ್ಲಿ ಬರೆಯುತ್ತಿದ್ದರು. ಕಳೆದುಹೋದರೆ 'ಪೇಠ್' ಎಂಬ ಎರಡನೇ ಪ್ರತಿ, ಅದೂ ಕಳೆದರೆ 'ಪರಪೇಠ್' ಎಂಬ ಮೂರನೆಯದು. 1881ರ ಹಣಕಾಸು ಪತ್ರಗಳ ಕಾಯ್ದೆ ಕೂಡ ಹುಂಡಿಗೆ ಸಂಬಂಧಿಸಿದ ಸ್ಥಳೀಯ ರೂಢಿಗಳನ್ನು ಉಳಿಸಿತು.

ಕಟ್ಟು ಕಟ್ಟುವ ಲಾಭ

ಹಲವು ಪಾವತಿಗಳನ್ನು ಒಟ್ಟುಗೂಡಿಸುವುದೂ ಹೊಸದಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2005ರ ನವೆಂಬರಿನಲ್ಲಿ ಆರಂಭಿಸಿದ 'ನೆಫ್ಟ್' ವ್ಯವಸ್ಥೆ ಬ್ಯಾಚ್‌ಗಳ ಮೇಲೆಯೇ ನಿಂತಿದೆ. 2019ರ ಡಿಸೆಂಬರ್ 16ರಿಂದ ಅದು ಹಗಲಿರುಳೂ ನಡೆಯುತ್ತಿದ್ದು, ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್‌ಗಳು ಇತ್ಯರ್ಥವಾಗುತ್ತವೆ.

2009ರ ಜನವರಿ 3ರಂದು ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಬ್ಯಾಚಿನ ಅಗತ್ಯ ಬೇರೆ ಕಾರಣದಿಂದ ಬಂತು. ಅದರ ಪ್ರತಿ ಬ್ಲಾಕಿನಲ್ಲಿ ಜಾಗ ಸೀಮಿತ. ಶುಲ್ಕ ಮೊತ್ತಕ್ಕಲ್ಲ, ಆಕ್ರಮಿಸುವ ಜಾಗಕ್ಕೆ. ಹಳೆಯ ಮಾದರಿಯ ಒಂದು ಸಾಧಾರಣ ಪಾವತಿಗೆ ಸುಮಾರು 226 ಬೈಟ್ ಬೇಕು. ಹತ್ತು ಜನರಿಗೆ ಬೇರೆ ಬೇರೆಯಾಗಿ ಕಳಿಸಿದರೆ 2,260 ಬೈಟ್. ಒಂದೇ ವ್ಯವಹಾರದಲ್ಲಿ ಹತ್ತು ಜನರ ಹೆಸರಿಗೆ ಬರೆದರೆ ಸುಮಾರು 530 ಬೈಟ್ ಸಾಕು. ಶುಲ್ಕ ಕಾಲುಭಾಗದ ಆಸುಪಾಸಿಗೆ ಇಳಿಯುತ್ತದೆ. 2017ರ ಡಿಸೆಂಬರಿನಲ್ಲಿ ಸರಾಸರಿ ಶುಲ್ಕ 50 ಡಾಲರ್ ದಾಟಿದಾಗ ಈ ಉಳಿತಾಯದ ಬೆಲೆ ಎಲ್ಲರಿಗೂ ಅರಿವಾಯಿತು.

ಇಥೀರಿಯಂ ಜಾಲದಲ್ಲಿ 2025ರ ಮೇ 7ರ ಪರಿಷ್ಕರಣೆಯ ನಂತರ ಸಾಮಾನ್ಯ ವ್ಯಾಲೆಟ್ ಕೂಡ ಹಲವು ಕೆಲಸಗಳನ್ನು ಒಂದೇ ಸಹಿಯಲ್ಲಿ ಕಟ್ಟಬಹುದಾಗಿದೆ. ಕಟ್ಟನ್ನು ಇಡಿಯಾಗಿ ಬೆಸೆದು ಕಳಿಸಿದಾಗ ಒಂದು ಕೆಲಸ ಕೆಟ್ಟರೂ ಎಲ್ಲವೂ ರದ್ದು. ಎಲ್ಲವೂ ಸರಿಹೋದರೆ ಮಾತ್ರ ಯಾವುದನ್ನೂ ಹಿಂಪಡೆಯಲಾಗದು. ಬ್ಯಾಂಕಿನ ವ್ಯವಹಾರದಲ್ಲಿ ತಪ್ಪಾದರೆ ದೂರು ಕೇಳಲು ಒಂಬುಡ್ಸ್‌ಮನ್ ಇದ್ದಾನೆ. ಇಲ್ಲಿ ಅಂತಹ ಬಾಗಿಲಿಲ್ಲ.

ಕುರುಡು ಸಹಿ

ಅಪಾಯ ಇರುವುದು ಇಲ್ಲಿಯೇ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಆಸ್ತಿ ಕಳವಾಯಿತು. ಆ ವ್ಯಾಲೆಟ್‌ಗೆ ಒಬ್ಬರ ಸಹಿ ಸಾಲುತ್ತಿರಲಿಲ್ಲ. ಹಲವರ ಒಪ್ಪಿಗೆ ಬೇಕಿತ್ತು. ಪರದೆಯಲ್ಲಿ ಕಂಡದ್ದಕ್ಕೂ ನಿಜವಾಗಿ ಸಹಿಯಾದದ್ದಕ್ಕೂ ಹೊಂದಿಕೆ ಇರಲಿಲ್ಲವೆಂದು ಸಂಸ್ಥೆ ಹೇಳಿತು. 2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ವಿನಿಮಯ ಕೇಂದ್ರ ಇದೇ ಬಗೆಯಲ್ಲಿ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಿತು. ಬಹಿರಂಗ ಲೆಕ್ಕವನ್ನು ಯಾರೂ ತಿದ್ದಲಿಲ್ಲ. ಸಾಕ್ಷಿಗಳೂ ಇದ್ದರು. ಆದರೆ ಆ ಸಾಕ್ಷಿಗಳು ಓದಿದ್ದು ಒಂದು, ಒಪ್ಪಿದ್ದು ಇನ್ನೊಂದು. ಬ್ಯಾಚು ದೊಡ್ಡದಾದಷ್ಟೂ ಅದರೊಳಗಿನ ಒಂದು ಸಾಲು ಕಣ್ತಪ್ಪಿಸಿಕೊಳ್ಳುವುದು ಸುಲಭ.

ಇನ್ನೊಂದು ತೊಡಕು ಮಾನದ್ದು. ಒಂದು ಝಕಾತ್ ಸಮಿತಿ ಇಪ್ಪತ್ತು ಬಡ ಕುಟುಂಬಗಳಿಗೆ ಹೀಗೆ ಒಂದೇ ಬ್ಯಾಚಿನಲ್ಲಿ ನೆರವು ಕಳಿಸಿತೆನ್ನಿ. ಲೆಕ್ಕದಲ್ಲಿ ಹೆಸರಿನ ಬದಲು ವಿಳಾಸದ ಅಕ್ಷರಗಳಷ್ಟೇ ಇರುತ್ತವೆ, ನಿಜ. ಆದರೆ ತನ್ನ ಸಾಲನ್ನು ಗುರುತಿಸಿದವನಿಗೆ ಉಳಿದ ಹತ್ತೊಂಬತ್ತು ಸಾಲುಗಳೂ ಮೊತ್ತಗಳೂ ಕಾಣುತ್ತವೆ. ಮುಂದೆಂದಾದರೂ ಒಂದು ವಿಳಾಸ ಯಾರದೆಂದು ತಿಳಿದರೆ ಅವರು ನೆರವು ಪಡೆದ ಸಂಗತಿ ಶಾಶ್ವತವಾಗಿ ಬಯಲು. ಬಡವರಿಗೆ ಗುಟ್ಟಾಗಿ ಕೊಡುವುದೇ ಉತ್ತಮವೆಂದು ಕುರ್‌ಆನ್ ಕಲಿಸುತ್ತದೆ. ಸಾಲದ ಪತ್ರಕ್ಕೆ ಸಾಕ್ಷಿ ಬೇಕು, ದಾನಕ್ಕೆ ಮರೆ ಬೇಕು. ಬ್ಲಾಕ್‌ಚೈನ್‌ನ ಬ್ಯಾಚಿಗೆ ಈ ಎರಡರ ಭೇದ ತಿಳಿಯದು.

ಕ್ರಿಪ್ಟೋ ಧರ್ಮಸಮ್ಮತವೇ ಎಂಬುದರಲ್ಲಿ ಉಲಮಾಗಳಲ್ಲಿ ಒಮ್ಮತವಿಲ್ಲ. ಈಜಿಪ್ಟಿನ ದಾರುಲ್ ಇಫ್ತಾ 2018ರಲ್ಲಿ ಬಿಟ್‌ಕಾಯಿನ್ ವಿರುದ್ಧ ಫತ್ವಾ ನೀಡಿತು. ಅದನ್ನು ಆಸ್ತಿಯೆಂದು ಒಪ್ಪುವ ವಿದ್ವಾಂಸರೂ ಇದ್ದಾರೆ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ. ಆ ಚರ್ಚೆ ಏನೇ ತೀರ್ಮಾನಕ್ಕೆ ಬರಲಿ, ನಮ್ಮ ಯುವಕರಲ್ಲಿ ಹಲವರು ಈ ವ್ಯಾಲೆಟ್‌ಗಳನ್ನು ಬಳಸುತ್ತಿರುವುದು ವಾಸ್ತವ.

ಅವರಿಗೆ ಹೇಳಬೇಕಾದುದು ಇಷ್ಟು. ಬ್ಯಾಚಿನ ಪ್ರತಿಯೊಂದು ಸಾಲನ್ನೂ, ಯಾರಿಗೆ ಎಷ್ಟು ಎಂಬುದನ್ನು ತೆರೆದು ತೋರಿಸದ ವ್ಯಾಲೆಟ್‌ನಲ್ಲಿ ಸಹಿ ಹಾಕಬೇಡಿ. ದೊಡ್ಡ ಮೊತ್ತವಾದರೆ ಬೇರೊಂದು ಸಾಧನದಲ್ಲಿ ತಾಳೆ ನೋಡಿ. ಹಲವರ ಹಣವಾದರೆ ಪಟ್ಟಿಯನ್ನು ಎಲ್ಲರೆದುರು ಓದಿಸಿ, ನೆರವಿನ ಹಣವಾದರೆ ಬೇರೆ ದಾರಿ ಹಿಡಿಯಿರಿ. ತಂತ್ರಾಂಶ ಮಾಡುವವರಿಂದಲೂ ಒಂದು ಬೇಡಿಕೆ ಇಡಬೇಕು: ಸಹಿ ಕೇಳುವ ಮೊದಲು ವಿವರ ಕನ್ನಡದಲ್ಲಿ ಕಾಣಲಿ. ಸಾವಿರ ವರ್ಷಗಳ ಹಿಂದೆ ಮುಗದದ ಕಲ್ಲಿಗೆ ಬರೆಸಿದವರು ಊರಿನವರು ಆಡುವ ಭಾಷೆಯಲ್ಲಿಯೇ ಬರೆಸಿದ್ದರು.