ತುಮಕೂರು ನಗರ, ಗುಬ್ಬಿ, ಕುಣಿಗಲ್: ಚುನಾವಣಾ ಇತಿಹಾಸ

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕರ್ನಾಟಕದ ತುಮಕೂರು ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳು. ಮೊದಲ ಎರಡು ತುಮಕೂರು ಲೋಕಸಭಾ ಕ್ಷೇತ್ರದಲ್ಲಿವೆ. ಕುಣಿಗಲ್ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿದೆ. ಇಲ್ಲಿನ ಸಾರ್ವತ್ರಿಕ ಚುನಾವಣೆಗಳ ಇತಿಹಾಸವೆಂದರೆ ಲೋಕಸಭೆ ಮತ್ತು ವಿಧಾನಸಭೆಗಳಿಗೆ ನಡೆದ ಚುನಾವಣೆಗಳ ಇತಿಹಾಸ.

ಗಡಿಗಳು

ಜಿಲ್ಲೆಯ ಫಲಿತಾಂಶವನ್ನೂ ಲೋಕಸಭಾ ಕ್ಷೇತ್ರದ ಫಲಿತಾಂಶವನ್ನೂ ಒಂದೇ ಎಂದು ಎಣಿಸುವುದು ವಾಡಿಕೆಯಾಗಿದೆ. ಇವೆರಡೂ ಬೇರೆ ಬೇರೆ. ಜಿಲ್ಲೆಯ 11 ವಿಧಾನಸಭಾ ಕ್ಷೇತ್ರಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ತುಮಕೂರು ನಗರ, ತುಮಕೂರು ಗ್ರಾಮಾಂತರ, ಕೊರಟಗೆರೆ, ಗುಬ್ಬಿ ಮತ್ತು ಮಧುಗಿರಿ ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಶಿರಾ, ಪಾವಗಡ ಚಿತ್ರದುರ್ಗಕ್ಕೂ ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೂ ಸೇರಿವೆ.

ಈ ಹಂಚಿಕೆ 2008ರ ಕ್ಷೇತ್ರ ಪುನರ್ವಿಂಗಡಣೆಯದು. ಅದಕ್ಕೆ ಮುಂಚೆ ಜಿಲ್ಲೆಯಲ್ಲಿ 13 ವಿಧಾನಸಭಾ ಸ್ಥಾನಗಳಿದ್ದವು. ಬೆಳ್ಳಾವಿ, ಹುಲಿಯೂರುದುರ್ಗ, ಕಳ್ಳಂಬೆಳ್ಳ ಕ್ಷೇತ್ರಗಳು ಅಳಿದವು; ತುಮಕೂರು ಎಂಬ ಒಂದೇ ಕ್ಷೇತ್ರವಿದ್ದಲ್ಲಿ ನಗರ, ಗ್ರಾಮಾಂತರ ಎಂಬ ಎರಡು ಹುಟ್ಟಿದವು. ಹೆಸರು ಉಳಿದರೂ ಮತದಾರರು ಬದಲಾದ್ದರಿಂದ 2004ರ ಮತ್ತು 2008ರ ಅಂತರಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ವಿಧಾನಸಭೆ, ಲೋಕಸಭೆಗಳ ಚುನಾವಣೆಗಳು 1989, 1999 ಮತ್ತು 2004ರಲ್ಲಿ ಒಟ್ಟಿಗೆ ನಡೆದಿದ್ದವು. 2008ರಿಂದ ಅವು ಬೇರೆಬೇರೆ ವರ್ಷಗಳಿಗೆ ಬಿದ್ದವು.

1952ರಿಂದ 1989

ತುಮಕೂರಿನ ಮೊದಲ ಲೋಕಸಭಾ ಸದಸ್ಯ ಕಾಂಗ್ರೆಸ್‌ನ ಸಿ.ಆರ್. ಬಸಪ್ಪ (1952). 1957 ಮತ್ತು 1962ರಲ್ಲಿ ಅದೇ ಪಕ್ಷದ ಎಂ.ವಿ. ಕೃಷ್ಣಪ್ಪ ಗೆದ್ದರು. ಅವರಿಂದ ತೆರವಾದ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ಉತ್ತರ ಪ್ರದೇಶದ ಅಜಿತ್ ಪ್ರಸಾದ್ ಜೈನ್ ಆಯ್ಕೆಯಾದರು. ಜೈನ್ ಹಿಂದೆ ಕೇಂದ್ರದ ಆಹಾರ ಸಚಿವರಾಗಿದ್ದವರು. ಸಾರ್ವತ್ರಿಕ ಚುನಾವಣೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪಟ್ಟಿಗಳಲ್ಲಿ ಅವರ ಹೆಸರು ಬಿಟ್ಟುಹೋಗುತ್ತದೆ.

1967ರಲ್ಲಿ ಕೆ. ಲಕ್ಕಪ್ಪ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದು ಕಾಂಗ್ರೆಸ್‌ನ ಸರಣಿಯನ್ನು ಮುರಿದರು. 1971, 1977 ಮತ್ತು 1980ರಲ್ಲಿ ಅವರೇ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. 1984 ಮತ್ತು 1989ರಲ್ಲಿ ಕಾಂಗ್ರೆಸ್‌ನ ಜಿ.ಎಸ್. ಬಸವರಾಜ್ ಆಯ್ಕೆಯಾದರು.

1991ರಿಂದ 2004

1991ರಲ್ಲಿ ಬಿಜೆಪಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಲೋಕಸಭಾ ಸ್ಥಾನಗಳನ್ನು ಗೆದ್ದಿತು. ಆ ನಾಲ್ಕರಲ್ಲಿ ತುಮಕೂರೂ ಒಂದು. ಗೆದ್ದ ಎಸ್. ಮಲ್ಲಿಕಾರ್ಜುನಯ್ಯ ಆ ಲೋಕಸಭೆಯ ಉಪಸಭಾಧ್ಯಕ್ಷರಾದರು. ಎಚ್.ಡಿ. ದೇವೇಗೌಡರು ಪ್ರಧಾನಿಯಾದ 1996ರ ಚುನಾವಣೆಯಲ್ಲಿ ಜನತಾದಳದ ಸಿ.ಎನ್. ಭಾಸ್ಕರಪ್ಪ ಗೆದ್ದರು. 1998ರಲ್ಲಿ ಮಲ್ಲಿಕಾರ್ಜುನಯ್ಯ, 1999ರಲ್ಲಿ ಬಸವರಾಜ್, 2004ರಲ್ಲಿ ಮತ್ತೆ ಮಲ್ಲಿಕಾರ್ಜುನಯ್ಯ ಗೆದ್ದರು.

ಬಸವರಾಜ್ ಅವರ ಗೆಲುವುಗಳನ್ನು ಒಂದೇ ಪಕ್ಷದ ಖಾತೆಗೆ ಸೇರಿಸಲಾಗದು. 1984, 1989, 1999ರವು ಕಾಂಗ್ರೆಸ್‌ನವು. 2009, 2019ರವು ಬಿಜೆಪಿಯವು. 1984ರಿಂದ 2019ರವರೆಗಿನ ಹತ್ತು ಸಾರ್ವತ್ರಿಕ ಚುನಾವಣೆಗಳ ಪೈಕಿ ಎಂಟರಲ್ಲಿ ಬಸವರಾಜ್ ಇಲ್ಲವೇ ಮಲ್ಲಿಕಾರ್ಜುನಯ್ಯ ಗೆದ್ದಿದ್ದಾರೆ.

ವಿಧಾನಸಭೆ: ಮೂರು ಕ್ಷೇತ್ರಗಳು

*ತುಮಕೂರು ನಗರ.* ಅವಿಭಜಿತ ತುಮಕೂರು ಕ್ಷೇತ್ರವನ್ನು 1994ರಿಂದ ಸತತವಾಗಿ ಪ್ರತಿನಿಧಿಸಿದ ಬಿಜೆಪಿಯ ಸೊಗಡು ಶಿವಣ್ಣ 2008ರಲ್ಲಿ ನಗರ ಕ್ಷೇತ್ರದಲ್ಲೂ ಗೆದ್ದರು. ಬಿ.ಎಸ್. ಯಡಿಯೂರಪ್ಪ ಕೆಜೆಪಿ ಎಂಬ ಬೇರೆ ಪಕ್ಷ ಕಟ್ಟಿ ಬಿಜೆಪಿಯ ಮತ ಒಡೆದ 2013ರಲ್ಲಿ ಕಾಂಗ್ರೆಸ್‌ನ ಡಾ. ರಫೀಕ್ ಅಹ್ಮದ್ ಆಯ್ಕೆಯಾದರು. ಬಸವರಾಜ್ ಅವರ ಮಗ ಜಿ.ಬಿ. ಜ್ಯೋತಿಗಣೇಶ್ 2018ರಲ್ಲಿ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಶಿವಣ್ಣ ಬಂಡಾಯವೆದ್ದು ಪಕ್ಷೇತರರಾಗಿ ನಿಂತರೂ ಜ್ಯೋತಿಗಣೇಶ್ ಸ್ಥಾನ ಉಳಿಸಿಕೊಂಡರು. ಎರಡೂ ಸಲ ಸಮೀಪದ ಪ್ರತಿಸ್ಪರ್ಧಿ ಜೆಡಿಎಸ್‌ನ ಎನ್. ಗೋವಿಂದರಾಜು. 2023ರ ಅಂತರ 3,198 ಮತ.

*ಗುಬ್ಬಿ.* 2004ರಿಂದ ಐದು ಬಾರಿಯೂ ಗೆದ್ದವರು ಎಸ್.ಆರ್. ಶ್ರೀನಿವಾಸ್ (ವಾಸು). ಆದರೆ ಅವರ ಚಿಹ್ನೆ ಮೂರು ಬಗೆ: 2004ರಲ್ಲಿ ಪಕ್ಷೇತರ, 2008, 2013, 2018ರಲ್ಲಿ ಜೆಡಿಎಸ್, 2023ರಲ್ಲಿ ಕಾಂಗ್ರೆಸ್. 2018ರ ಸಮ್ಮಿಶ್ರ ಸರ್ಕಾರದಲ್ಲಿ ಅವರು ಸಚಿವರಾಗಿದ್ದರು. 2022ರ ರಾಜ್ಯಸಭಾ ಚುನಾವಣೆಯಲ್ಲಿನ ಮತದ ವಿಚಾರವಾಗಿ ಜೆಡಿಎಸ್ ಅವರನ್ನು ಉಚ್ಚಾಟಿಸಿತು. 2023ರ ಮಾರ್ಚ್‌ನಲ್ಲಿ ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಪಕ್ಷವಾರು ಪಟ್ಟಿಯಲ್ಲಿ ಏರಿಳಿತವಾಗಿ ಕಾಣುವ ಗುಬ್ಬಿ ವ್ಯಕ್ತಿವಾರು ಪಟ್ಟಿಯಲ್ಲಿ ಜಿಲ್ಲೆಯ ಅತ್ಯಂತ ಸ್ಥಿರ ಕ್ಷೇತ್ರಗಳಲ್ಲೊಂದು.

*ಕುಣಿಗಲ್.* 2008ರಲ್ಲಿ ಕಾಂಗ್ರೆಸ್‌ನ ಬಿ.ಬಿ. ರಾಮಸ್ವಾಮಿಗೌಡ, 2013ರಲ್ಲಿ ಜೆಡಿಎಸ್‌ನ ಡಿ. ನಾಗರಾಜಯ್ಯ ಗೆದ್ದರು. 2018ರಲ್ಲಿ ನಾಗರಾಜಯ್ಯ ಜೆಡಿಎಸ್‌ನಿಂದಲೂ ಅವರ ಸಹೋದರ ಡಿ. ಕೃಷ್ಣಕುಮಾರ್ ಬಿಜೆಪಿಯಿಂದಲೂ ನಿಂತರು; ಕಾಂಗ್ರೆಸ್‌ನ ಡಾ. ಎಚ್.ಡಿ. ರಂಗನಾಥ್ ಇಬ್ಬರನ್ನೂ ಸೋಲಿಸಿದರು. 2023ರಲ್ಲೂ ಅವರೇ ಆಯ್ಕೆಯಾದರು.

ನಗರವನ್ನು ಸುತ್ತುವರಿದ ತುಮಕೂರು ಗ್ರಾಮಾಂತರದ 2018ರ ಫಲಿತಾಂಶ ನ್ಯಾಯಾಲಯದ ಮೆಟ್ಟಿಲೇರಿತು. ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನು, ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಪ್ರಕರಣದಲ್ಲಿ, ಹೈಕೋರ್ಟ್ 2023ರ ಮಾರ್ಚ್ 30ರಂದು ಅಸಿಂಧುಗೊಳಿಸಿತು. ಮುಂದಿನ ಚುನಾವಣೆಯ ವೇಳಾಪಟ್ಟಿ ಹಿಂದಿನ ದಿನವಷ್ಟೇ ಪ್ರಕಟವಾಗಿತ್ತು. ಆದೇಶವನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟದ್ದರಿಂದ ಅವರು ಮತ್ತೆ ಸ್ಪರ್ಧಿಸಿದರು. ಅರ್ಜಿದಾರರಾಗಿದ್ದ ಬಿಜೆಪಿಯ ಬಿ. ಸುರೇಶ್‌ಗೌಡ ಗೆದ್ದರು. ಹೀಗೆ 2018ರ ಫಲಿತಾಂಶದ ತೀರ್ಪು ಬಂದದ್ದು ಆ ವಿಧಾನಸಭೆಯ ಅವಧಿ ಮುಗಿಯುವ ಹೊತ್ತಿಗೆ.

ಲೋಕಸಭೆ: 2009ರಿಂದ 2024

- 2009: ಜಿ.ಎಸ್. ಬಸವರಾಜ್ (ಬಿಜೆಪಿ), ಅಂತರ 21,445
- 2014: ಎಸ್.ಪಿ. ಮುದ್ದಹನುಮೇಗೌಡ (ಕಾಂಗ್ರೆಸ್), ಅಂತರ 74,041
- 2019: ಜಿ.ಎಸ್. ಬಸವರಾಜ್ (ಬಿಜೆಪಿ), ಅಂತರ 13,339
- 2024: ವಿ. ಸೋಮಣ್ಣ (ಬಿಜೆಪಿ), ಅಂತರ 1,75,594

2009ರಲ್ಲಿ ಜೆಡಿಎಸ್‌ನಿಂದ ಸೋತಿದ್ದ ಮುದ್ದಹನುಮೇಗೌಡರು 2014ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಕ್ಷೇತ್ರವನ್ನು ಜೆಡಿಎಸ್‌ಗೆ ಕೊಟ್ಟಾಗ ಹಾಲಿ ಸಂಸದರಿಗೆ ಟಿಕೆಟ್ ಕೈತಪ್ಪಿತು. ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ಬಿಟ್ಟು ಬಂದ ದೇವೇಗೌಡರು 5,82,788 ಮತ ಪಡೆದರು. ಬಸವರಾಜ್ ಪಡೆದದ್ದು 5,96,127. ಹಾಸನದ ಗೊರೂರು ಜಲಾಶಯದಿಂದ ತುಮಕೂರಿಗೆ ಬರಬೇಕಾದ ಹೇಮಾವತಿ ನೀರು ಪ್ರಚಾರದ ದೊಡ್ಡ ವಿಷಯವಾಗಿತ್ತು.

2024ರಲ್ಲಿ ಮೈತ್ರಿ ತಿರುಗಿ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಬಿಜೆಪಿಗೆ ಹೋಗಿ ಕಾಂಗ್ರೆಸ್‌ಗೆ ಮರಳಿದ್ದ ಮುದ್ದಹನುಮೇಗೌಡರು 5,45,352 ಮತ ಪಡೆದು ಸೋತರು. ಹಿಂದಿನ ವರ್ಷ ವರುಣಾ, ಚಾಮರಾಜನಗರ ಎರಡರಲ್ಲೂ ಸೋತಿದ್ದ ಸೋಮಣ್ಣ 7,20,946 ಮತ ಪಡೆದು ಕೇಂದ್ರದಲ್ಲಿ ರಾಜ್ಯ ಸಚಿವರಾದರು.

ಈ ಎರಡು ಚುನಾವಣೆಗಳ ಹಿನ್ನೆಲೆಯಲ್ಲಿ ಶಾಸಕರ ಲೆಕ್ಕ ಸರಿಸಮವಾಗಿತ್ತು. 2018ರಲ್ಲಿ ಎಂಟು ಕ್ಷೇತ್ರಗಳಲ್ಲಿ ಬಿಜೆಪಿ ನಾಲ್ಕು, ಜೆಡಿಎಸ್ ಮೂರು, ಕಾಂಗ್ರೆಸ್ ಒಂದು ಗೆದ್ದಿದ್ದವು. 2023ರಲ್ಲಿ ಕಾಂಗ್ರೆಸ್ ನಾಲ್ಕು, ಬಿಜೆಪಿ ಎರಡು, ಜೆಡಿಎಸ್ ಎರಡು. ಎರಡು ಸಲವೂ ಮೈತ್ರಿಕೂಟಕ್ಕೆ ನಾಲ್ಕು, ಎದುರಾಳಿಗೆ ನಾಲ್ಕು. ಆದರೂ ಮೊದಲ ಮೈತ್ರಿ ಸೋತಿತು, ಎರಡನೆಯದು ಭಾರಿ ಅಂತರದಿಂದ ಗೆದ್ದಿತು. ಜಿಲ್ಲೆಯನ್ನೇ ಘಟಕವಾಗಿ ತೆಗೆದುಕೊಂಡರೆ ಈ ಸಮಬಲ ಕಾಣುವುದಿಲ್ಲ: 2023ರಲ್ಲಿ ಜಿಲ್ಲೆಯ 11ರಲ್ಲಿ ಕಾಂಗ್ರೆಸ್ ಗೆದ್ದದ್ದು ಏಳು, ಅದರಲ್ಲಿ ಕುಣಿಗಲ್, ಶಿರಾ, ಪಾವಗಡ ತುಮಕೂರು ಲೋಕಸಭಾ ಕ್ಷೇತ್ರದ ಹೊರಗಿನವು.

ಕುಣಿಗಲ್‌ನ ಮತದಾರರಿಗೆ 2009ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸಂಸದರಾದರು. 2013ರ ಉಪಚುನಾವಣೆಯಿಂದ ಮೂರು ಬಾರಿ ಗೆದ್ದ ಕಾಂಗ್ರೆಸ್‌ನ ಡಿ.ಕೆ. ಸುರೇಶ್ 2019ರಲ್ಲಿ ರಾಜ್ಯದಲ್ಲಿ ಆ ಪಕ್ಷದ ಏಕೈಕ ವಿಜೇತರು. 2024ರಲ್ಲಿ ಅವರನ್ನು ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ 2,69,647 ಮತಗಳಿಂದ ಸೋಲಿಸಿದರು.

ಹೇಮಾವತಿ ನೀರನ್ನು ಕುಣಿಗಲ್, ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಕುಣಿಗಲ್ ಶಾಸಕರು ಯೋಜನೆಯ ಪರ, ತುಮಕೂರು ನಗರ, ಗ್ರಾಮಾಂತರ ಮತ್ತು ತುರುವೇಕೆರೆಯ ಶಾಸಕರು ವಿರುದ್ಧ ನಿಂತರು. ಒಂದೇ ಜಿಲ್ಲೆಯ ಈ ಎರಡು ಬದಿಗಳು ಲೋಕಸಭೆಗೆ ಬೇರೆ ಬೇರೆ ಸದಸ್ಯರನ್ನು ಕಳಿಸುತ್ತವೆ.