ಕ್ವಾಯ್ ನದಿಯ ದಂಡೆಯಲ್ಲಿ ಹೆಸರಿಲ್ಲದವರು

'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಸಿನಿಮಾ ನೋಡಿಕೊಂಡು ಥಾಯ್ಲೆಂಡಿನ ಕಾಂಚನಬುರಿಗೆ ಹೋಗುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 1957ರ ಆ ಸಿನಿಮಾ ತೆಗೆದದ್ದು ಶ್ರೀಲಂಕಾದಲ್ಲಿ. ಇನ್ನೂ ತಮಾಷೆ ಅಂದ್ರೆ, ನಿಜವಾದ ಸೇತುವೆ ಇದ್ದದ್ದು ಕ್ವಾಯ್ ನದಿಯ ಮೇಲಲ್ಲ, ಮೇ ಕ್ಲೋಂಗ್ ಅನ್ನೋ ನದಿಯ ಮೇಲೆ. ಸಿನಿಮಾ ನೋಡಿ ಬಂದ ಪ್ರವಾಸಿಗರೆಲ್ಲ "ಕ್ವಾಯ್ ಎಲ್ಲಿ?" ಅಂತ ಕೇಳತೊಡಗಿದಾಗ, 1960ರ ಸುಮಾರಿಗೆ ನದಿಯ ಆ ಭಾಗಕ್ಕೇ ಕ್ವೇ ಯಾಯ್ ಅಂತ ಹೆಸರಿಟ್ಟುಬಿಟ್ಟರು! ಪ್ರೋಗ್ರಾಮ್ ಸರಿ ಮಾಡೋ ಬದಲು ಡಾಕ್ಯುಮೆಂಟ್ ತಿದ್ದಿದ ಹಾಗೆ... ನಮ್ಮ ಕಸುಬಿನವರಿಗೆ ಇದೇನೂ ಹೊಸದಲ್ಲ ಬಿಡಿ.

ಕಬ್ಬಿಣದ ಸೇತುವೆಯನ್ನು ಜಪಾನೀಯರು ಜಾವಾದಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದರು. ಅದರ ಕಮಾನುಗಳ ನಡುವೆ ಎರಡು ಭಾಗ ಮಾತ್ರ ಬಾಗಿಲ್ಲ, ನೇರವಾಗಿವೆ. 1945ರಲ್ಲಿ ಮಿತ್ರರಾಷ್ಟ್ರಗಳ ಬಾಂಬಿಗೆ ಬಿದ್ದ ಜಾಗವದು, ಯುದ್ಧ ಮುಗಿದ ಮೇಲೆ ಹೊಸದಾಗಿ ಕೂರಿಸಿದ್ದು.

ಅಷ್ಟು ಅವಸರ ಯಾಕಿತ್ತು ಅಂದ್ರೆ, ಬರ್ಮಾದಲ್ಲಿದ್ದ ಜಪಾನೀ ಸೈನ್ಯಕ್ಕೆ ಸಾಮಾನು ಮುಟ್ಟಬೇಕಿತ್ತು. ಸಿಂಗಪುರ ಸುತ್ತಿ ರಂಗೂನಿಗೆ ಹೋಗುವ ಹಡಗುಗಳಿಗೆ ಸಬ್‌ಮರೀನ್‌ಗಳ ಕಾಟ. ಹಾಗಾಗಿ ಥಾಯ್ಲೆಂಡಿನ ಬಾನ್ ಪೋಂಗ್‌ನಿಂದ ಬರ್ಮಾದ ಥನ್‌ಬ್ಯುಜಾಯತ್‌ವರೆಗೆ ಕಾಡು, ಬೆಟ್ಟ ಸೀಳಿಕೊಂಡು 415 ಕಿಲೋಮೀಟರ್ ರೈಲುಹಳಿ. 1942ರ ಮಧ್ಯದಲ್ಲಿ ಶುರುವಾಗಿ 1943ರ ಅಕ್ಟೋಬರ್ 17ಕ್ಕೆ ಎರಡೂ ಕಡೆಯ ಹಳಿ ಕೂಡಿತು. ಎಂಜಿನಿಯರ್ ಆಗಿ ನೋಡಿದರೆ ಬಾಯಿ ಕಳೆದುಕೊಂಡು ನಿಲ್ಲಬೇಕಾದ ಕೆಲಸ. ಆದರೆ ಸುತ್ತಿಗೆ, ಉಳಿ, ಬುಟ್ಟಿ ಹಿಡಿದು ಅದನ್ನು ಮಾಡಿದವರು ಯಾರು?

ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು. ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಸತ್ತರು: ಹಸಿವು, ಕಾಲರಾ, ಮಲೇರಿಯಾ, ಏಟು. ಕಾಂಚನಬುರಿ ರೈಲ್ವೆ ಸ್ಟೇಷನ್ ಹತ್ತಿರದ ಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸಮಾಧಿಗಳಿವೆ, ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು. ಕತ್ತರಿಸಿಟ್ಟ ಹುಲ್ಲು, ಸಾಲು ಸಾಲು ಕಲ್ಲು, ಕಲ್ಲುಗಳ ಮೇಲೆ ಹೆಸರು, ದಳ, ವಯಸ್ಸು. ಓದುತ್ತಾ ಹೋದರೆ ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ತೆಂಟು... ನನ್ನ ವಾರಗೆಯವರು. ಸ್ವಲ್ಪ ಹೊತ್ತಿಗೆ ಓದುವುದನ್ನು ನಿಲ್ಲಿಸಿದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಕೈದಿಗಳಿಗಿಂತ ಬಹಳ ಹೆಚ್ಚು ಸಂಖ್ಯೆಯಲ್ಲಿ ದುಡಿದವರು ಏಷ್ಯಾದ ಕೂಲಿಗಳು, ಎರಡು ಲಕ್ಷದ ಆಸುಪಾಸು. ಬರ್ಮಾದವರು, ಜಾವಾದವರು, ಮಲಯದವರು, ಚೀನೀಯರು, ಮತ್ತು ಮಲಯಾದ ರಬ್ಬರ್ ತೋಟಗಳ ತಮಿಳರು. ಯುದ್ಧ ಬಂದು ರಬ್ಬರ್ ರಫ್ತು ನಿಂತಿತ್ತು, ಅಕ್ಕಿ ಸಿಗುತ್ತಿರಲಿಲ್ಲ. ಕೆಲವೇ ತಿಂಗಳ ಕೆಲಸ, ಒಳ್ಳೆಯ ಕೂಲಿ ಅಂದಾಗ ಹೊರಟರು. ಆಮೇಲಾಮೇಲೆ ಬಲವಂತವಾಗಿ ಹಿಡಿದೂ ತಂದರು. ಸತ್ತವರು ತೊಂಬತ್ತು ಸಾವಿರ ಅಂತ ಒಂದು ಅಂದಾಜು. ಬರೀ ಅಂದಾಜು! ಕೈದಿಗಳ ಜೊತೆ ಅವರವರ ಅಧಿಕಾರಿಗಳಿದ್ದರು, ಡಾಕ್ಟರುಗಳಿದ್ದರು, ಕದ್ದುಮುಚ್ಚಿಯಾದರೂ ಸತ್ತವರ ಪಟ್ಟಿ ಇಟ್ಟರು. ಯುದ್ಧ ಮುಗಿದ ಮೇಲೆ ಅವರ ಸರ್ಕಾರಗಳು ಬಂದು ಕಾಡಿನಿಂದ ಮೂಳೆ ಎತ್ತಿ ತಂದವು. ಕೂಲಿಗಳ ಪಟ್ಟಿ ಬರೆಯುವವರು ಯಾರಿದ್ದರು? ಅವರನ್ನು ಹುಡುಕಿಕೊಂಡು ಬರುವ ಸರ್ಕಾರವೂ ಇರಲಿಲ್ಲ. ಸಿನಿಮಾದಲ್ಲಂತೂ ಅವರ ಸುದ್ದಿಯೇ ಇಲ್ಲ.

ಆ ಹಳಿಯಲ್ಲಿ ಈಗಲೂ ರೈಲು ಓಡುತ್ತದೆ, ನಾಮ್ ಟೋಕ್‌ವರೆಗೆ. ನಾಮ್ ಟೋಕ್ ಅಂದರೆ ಥಾಯ್ ಭಾಷೆಯಲ್ಲಿ ಜಲಪಾತ. ಸಾಯ್ ಯೋಕ್ ನೋಯ್ ಜಲಪಾತ ಅಲ್ಲೇ ಹತ್ತಿರ. ದಾರಿಯಲ್ಲಿ ಬಂಡೆಗೆ ಅಂಟಿಕೊಂಡ ಮರದ ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗುವಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದು ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ಇನ್ನೊಂದು ಕಡೆ, ಏಳು ಹಂತದ ಎರಾವನ್ ಜಲಪಾತ ಇದೆ. ಎರಾವನ್ ಅಂದರೆ ನಮ್ಮ ಐರಾವತವೇ (ಕೆಎಸ್ಸಾರ್ಟಿಸಿ ಬಸ್ಸಲ್ಲ!), ಕಾಂಚನಬುರಿ ನಮ್ಮ ಕಾಂಚನಪುರಿಯೇ. ಹೆಸರುಗಳು ಇಷ್ಟು ದೂರ ಬಂದು ಉಳಿದಿವೆ.

ಊರಿನಲ್ಲಿ ವಾಟ್ ಥಾವೊರ್ನ್ ಅನ್ನುವ ಬೌದ್ಧ ದೇವಸ್ಥಾನ ಒಂದಿದೆ. ಗುಂಡಿಗಳಲ್ಲಿ ಸಿಕ್ಕ ಏಷ್ಯಾದ ಕೂಲಿಗಳ ಮೂಳೆಗಳನ್ನು ಸೇರಿಸಿ ಇಟ್ಟ ಸ್ತೂಪ ಅಲ್ಲಿದೆ. ಬಸ್ಸುಗಳಲ್ಲಿ ಬಂದ ಪ್ರವಾಸಿಗರು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ. 2023ರಲ್ಲಿ ಆ ದೇವಸ್ಥಾನದಲ್ಲೇ ತಮಿಳು ಕೂಲಿಗಳ ನೆನಪಿಗೆ ಒಂದು ನಡುಕಲ್ ನಿಲ್ಲಿಸಿದ್ದಾರೆ. ನಡುಕಲ್ ಅಂದರೆ ನಮ್ಮ ಊರೂರುಗಳಲ್ಲಿ ಕಾಣುವ ವೀರಗಲ್ಲಿನ ಹಾಗೆಯೇ. ಹಳಿ ಕೂಡಿದ ಎಂಬತ್ತು ವರ್ಷಕ್ಕೆ.