ಹಿಡಿಕೆ ಕೈಗೇ ಬಂತು!

2005ರ ನವೆಂಬರ್. ಟ್ಯುನೀಶಿಯಾದ ರಾಜಧಾನಿ ಟ್ಯೂನಿಸ್‌ನಲ್ಲಿ ವಿಶ್ವಸಂಸ್ಥೆಯ ಶೃಂಗಸಭೆ. ವೇದಿಕೆಯಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್. ಜೊತೆಗೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಕಟ್ಟಿದವರಲ್ಲಿ ಒಬ್ಬರಾದ ನಿಕೋಲಸ್ ನೆಗ್ರೊಪಾಂಟೆ. ಎದುರಿಗೆ ಹಸಿರು ಬಣ್ಣದ ಪುಟ್ಟ ಲ್ಯಾಪ್‌ಟಾಪ್, ಅದಕ್ಕೊಂದು ಹಳದಿ ಹಿಡಿಕೆ. ಬೆಲೆ 100 ಡಾಲರ್ ಮಾತ್ರ, ಕರೆಂಟ್ ಇಲ್ಲದ ಊರಲ್ಲೂ ಮಗು ಹಿಡಿಕೆ ತಿರುಗಿಸಿ ಓದಿಕೊಳ್ಳುತ್ತೆ ಅನ್ನೋದು ಅವರ ಕನಸು. ಅನ್ನಾನ್ ಹಿಡಿಕೆ ತಿರುಗಿಸೋಕೆ ಹೋದರು. ಅದು ಕಳಚಿಕೊಂಡು ಕೈಗೇ ಬಂತು!

ನಗಬೇಡಿ ವೀಕ್ಷಕರೇ. ಆ ಹಿಡಿಕೆಯ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ.

ಮೈ ಬಲದಿಂದ ಕರೆಂಟ್ ತೆಗೆಯೋದು ಹೊಸದೇನಲ್ಲ. 1929ರಲ್ಲೇ ಆಸ್ಟ್ರೇಲಿಯಾದಲ್ಲಿ ಆಲ್ಫ್ರೆಡ್ ಟ್ರೇಗರ್ ರೂಪಿಸಿದ ಪೆಡಲ್ ರೇಡಿಯೊ ಬಳಕೆಗೆ ಬಂತು. ಊರಿಂದ ಎಷ್ಟೋ ದೂರದಲ್ಲಿದ್ದ ಒಂಟಿ ಮನೆಯವರು ಪೆಡಲ್ ತುಳಿದು, ವಿಮಾನದಲ್ಲಿ ಬರೋ ಡಾಕ್ಟರನ್ನು ಕರೆಸಿಕೊಂಡರು. ಅದು ಯಾಕೆ ಗೆದ್ದಿತು? ತುಳಿಯೋದು ಕಾಲು, ಆಡೋದು ನಾಲ್ಕೇ ಮಾತು.

ಲ್ಯಾಪ್‌ಟಾಪ್ ಹಾಗಲ್ಲ, ಅದು ಗಂಟೆಗಟ್ಟಲೆ ಓಡಬೇಕು. ಎಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಲೆಕ್ಕ ಹೇಳ್ತೀನಿ, ಕೇಳಿ. ಬಾವಿಯಿಂದ 10 ಲೀಟರ್ ನೀರನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಎಳೆಯೋಕೆ ಸುಮಾರು 100 ವಾಟ್ ಬೇಕು. ಗಟ್ಟಿಮುಟ್ಟಾದ ದೊಡ್ಡವರು ಸೈಕಲ್ ತುಳಿದರೂ ಒಂದೇ ಸಮನೆ ಕೊಡಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ. ಅದೇ ರೀತಿ 10 ಗಂಟೆ ತುಳಿದರೆ ಒಂದು ಯೂನಿಟ್! ಮಗುವಿನ ಕೈಯಿಂದ ಬರೋದು ಅದರಲ್ಲಿ ಸಣ್ಣ ಪಾಲು. ಸಾಲದ್ದಕ್ಕೆ, ತಿಂದ ಊಟದ ಶಕ್ತಿಯಲ್ಲಿ ಸ್ನಾಯುಗಳು ಕೆಲಸಕ್ಕೆ ಕೊಡೋದು ಸುಮಾರು ಕಾಲು ಭಾಗ, ಉಳಿದದ್ದು ಶಾಖವಾಗಿ ಹೋಗುತ್ತೆ. ಅಂದ್ರೆ ಈ ಕರೆಂಟ್ ಪುಕ್ಕಟೆ ಅಲ್ಲ. ಬಿಲ್ ಬರೋದು ಮಗುವಿನ ತಟ್ಟೆಗೆ.

ತಯಾರಕರಿಗೂ ಇದು ಅರ್ಥವಾಯಿತು. 2007ರ ಕೊನೆಗೆ ಕಾರ್ಖಾನೆಯಿಂದ ಹೊರಬಂದ ಲ್ಯಾಪ್‌ಟಾಪ್‌ನಲ್ಲಿ ಹಿಡಿಕೆಯೇ ಇರಲಿಲ್ಲ. ಬೆಲೆಯೂ 100 ಡಾಲರ್ ದಾಟಿ 190ರ ಹತ್ತಿರಕ್ಕೆ ಹೋಗಿತ್ತು. ಆದರೆ ನಿಜವಾದ ಸಾಧನೆ ಒಳಗಿತ್ತು. ಮೇರಿ ಲೂ ಜೆಪ್ಸನ್ ಅವರು ರೂಪಿಸಿದ ಪರದೆಯನ್ನು ಹಿಂಬದಿಯ ಬೆಳಕು ಆರಿಸಿ ಬಿಸಿಲಲ್ಲೇ ಓದಬಹುದಿತ್ತು. ಯಂತ್ರದ ಹಸಿವೇ ಕಮ್ಮಿಯಾಯಿತು. ಮಗುವನ್ನು ದುಡಿಸೋ ಬದಲು ಯಂತ್ರಕ್ಕೆ ಮಿತವ್ಯಯ ಕಲಿಸಿದರು. ನನ್ನ ಪ್ರಕಾರ ಈ ಕಥೆಯಲ್ಲಿ ಗೆದ್ದದ್ದು ಇದೊಂದೇ.

ಆಮೇಲೇನಾಯ್ತು? ಪುಟ್ಟ ದೇಶ ಉರುಗ್ವೆ 2009ರ ಹೊತ್ತಿಗೆ ತನ್ನ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಇದೇ ಲ್ಯಾಪ್‌ಟಾಪ್ ಕೊಟ್ಟು ಮುಗಿಸಿತು. ಗಮನಿಸಿ, ಅಲ್ಲಿ ಹೆಚ್ಚುಕಡಿಮೆ ಎಲ್ಲಾ ಮನೆಗೂ ಮೊದಲೇ ಕರೆಂಟ್ ಇತ್ತು! ಭಾರತ ಸರ್ಕಾರದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಈ ಯೋಜನೆ ಬೇಡ ಅಂದಿತ್ತು. ತರಗತಿ ಕೋಣೆ, ಮೇಷ್ಟ್ರು ಮೊದಲು ಬೇಕು ಅನ್ನೋದು ಅದರ ವಾದ. ವಾದ ಸರಿಯೇ. ಆದರೆ ಬೇಡ ಅಂದವರು ಕೋಣೆ, ಮೇಷ್ಟ್ರು ಎರಡನ್ನೂ ಕೊಟ್ಟರಾ? ಆ ಪ್ರಶ್ನೆಯನ್ನು ನಾವು ಕೇಳ್ತಾನೇ ಇರಬೇಕು.

ಶಾಲೆಗೆ ಕಂಬ ನೆಟ್ಟು ತಂತಿ ಎಳೆಯೋದು, ಇಲ್ಲವೇ ಚಾವಣಿಗೆ ಸೋಲಾರ್ ಹಾಕಿಸೋದು ದೊಡ್ಡವರ ಕೆಲಸ, ಸರ್ಕಾರದ ಕೆಲಸ. ಆ ಭಾರವನ್ನು ಮಗುವಿನ ತೋಳಿಗೆ ಕಟ್ಟೋಕೆ ಹೋದ್ರೆ ಏನಾಗುತ್ತೆ ಅಂತ ಟ್ಯೂನಿಸ್‌ನಲ್ಲಿ ಎಲ್ಲರೂ ನೋಡಿದರು. ಮಗುವಿನ ಕೈ ಪುಟ ತಿರುಗಿಸಲಿ, ಹಿಡಿಕೆ ಬೇಡ. ನೀವೇನಂತೀರಿ?